ಕೋಟೆಯೊಳಗಿನ ಹಸಿರು ಅರಮನೆ

ಬಸ್ಸು ರಾಮನಗರ ದಾಟಿದರೂ ಹಮೀದಾ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ.

“ಮೇಲಿಡೇ ಅದನ್ನ,” ಎಂದಳು ಪಕ್ಕದಲ್ಲಿ ಕೂತಿದ್ದ ವಜೀರಾ. “ನನ್ ಪಕ್ಕೆಗೆ ಚುಚ್ತಾ ಐತೆ.”

“ಮೇಲಿಟ್ರೆ ಬೀಳುತ್ತೆ.”

“ಟಿಫಿನ್ ಬಾಕ್ಸ್ ತಾನೆ? ಬೀಳ್ಲಿ ಬಿಡು.”

ಬ್ಯಾಗಿನಲ್ಲಿ ಟಿಫಿನ್ ಬಾಕ್ಸಿನ ಜೊತೆ ಇನ್ನೊಂದು ವಸ್ತು ಇತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದಳು. ವಜೀರಾಗೂ ಹೇಳಿರಲಿಲ್ಲ. ಅದನ್ನು ತರುವ ಮಾತು ಗೊತ್ತಿದ್ದದ್ದು ಮುಂದಿನ ಸೀಟಿನ ಗಂಗನಿಗೆ ಮಾತ್ರ. ಅವನು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದ. ಗಂಗಹನುಮಯ್ಯ ಎಂಬುದು ಅವನ ಪೂರ್ತಿ ಹೆಸರು. ಹಾಜರಿ ಕೂಗುವಾಗ ಬಿಟ್ಟರೆ ಯಾರೂ ಅದನ್ನು ಪೂರ್ತಿ ಹೇಳುತ್ತಿರಲಿಲ್ಲ.

“ತಂದಿದ್ದೀಯೇನೆ?”

ಹಮೀದಾ ಹೂಂ ಎಂದು ತಲೆಯಾಡಿಸಿದಳು.

“ಹಂಗಾರೆ ತೋರ್ಸು.”

“ಅಲ್ಲಿಗೆ ಹೋದ್ಮೇಲೆ.”

“ಅಲ್ಲೇನ್ ಐತೆ? ಒಳಗಡೆ ಏನೂ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ,” ಎಂದ ಗಂಗ. ಅಷ್ಟರಲ್ಲಿ ಸರಸಮ್ಮ ಮಿಸ್ ನೆಟ್ಟಗೆ ಕೂತ್ಕೋ ಎಂದು ಗದರಿದರು. ಅವನು ಮುಂದಕ್ಕೆ ತಿರುಗಿ ಕೂತ.

ಜಗಳ ಶುರುವಾಗಿದ್ದು ಹಿಂದಿನ ವಾರ, ಐದನೇ ಕ್ಲಾಸಿನ ಸಮಾಜ ಪಾಠದಲ್ಲಿ. ಶನಿವಾರ ಎಲ್ಲರನ್ನೂ ಮಾಗಡಿ ಕೋಟೆ ನೋಡಲು ಕರೆದುಕೊಂಡು ಹೋಗುವುದಾಗಿ ಮಿಸ್ ಹೇಳಿದ್ದರು. ಈಗಾಗಲೇ ಯಾರು ಯಾರು ಕೋಟೆ ನೋಡಿದ್ದೀರಿ ಎಂದು ಕೇಳಿದ್ದರು. ಗಂಗ ಕೈಯೆತ್ತಿದ. ಅವನ ಅವ್ವನ ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಹಮೀದಾ ಯಾವ ಕೋಟೆಯನ್ನೂ ನೋಡಿರಲಿಲ್ಲ. ಆದರೂ ಕೈಯೆತ್ತಿದಳು.

“ಮಾಗಡಿ ಕೋಟೆ ನಮ್ಮ ಮನೇಲೇ ಐತೆ ಮಿಸ್,” ಎಂದಳು.

ಇಡೀ ಕ್ಲಾಸು ನಕ್ಕಿತು. ಮಿಸ್ ಕೂಡ ನಕ್ಕರು. ಹಮೀದಾಳ ಕಿವಿ ಬಿಸಿಯಾಯಿತು. ತನ್ನ ದಾದಾ, ಅಂದರೆ ತಾತ, ಮಾಡಿದ ಮರದ ಕೋಟೆ ಅದು, ಮಾಗಡಿ ಕೋಟೆ ಹೇಗಿದೆಯೋ ಹಾಗೇ ಇದೆ, ಬುರುಜು ಇದೆ, ಬಾಗಿಲು ಇದೆ, ನಡುವೆ ರಾಜರ ಅರಮನೆಯೂ ಇದೆ ಎಂದು ಒಂದೇ ಉಸಿರಿಗೆ ಹೇಳಿದಳು. ಅರಮನೆ ಎಂದಾಗ ಗಂಗ ಎದ್ದು ನಿಂತ. ಆ ಕೋಟೆಯೊಳಗೆ ಅರಮನೆಯೂ ಇಲ್ಲ, ಗಿರಮನೆಯೂ ಇಲ್ಲ, ಬರೀ ಬಯಲು ಎಂದ. ಇವಳು ಇದೆ ಎಂದಳು. ಅವನು ಇಲ್ಲ ಎಂದ. ಬೆಲ್ ಹೊಡೆದರೂ ಅದು ಮುಗಿಯಲಿಲ್ಲ. ಕೊನೆಗೆ, ಎಲ್ಲರೂ ಹೊರಗೆ ಹೋದ ಮೇಲೆ, ಗಂಗ ಒಂದು ದಾರಿ ಹೇಳಿದ. ಟ್ರಿಪ್ಪಿನ ದಿನ ಮರದ ಕೋಟೆ ತಾ, ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡೋಣ.

ಹಮೀದಾ ಒಪ್ಪಿಕೊಂಡುಬಿಟ್ಟಳು. ಒಪ್ಪಿಕೊಂಡ ಮೇಲೆ, ಒಪ್ಪಬಾರದಿತ್ತು ಅನ್ನಿಸಿತು.

ಯಾಕೆಂದರೆ ಆ ಕೋಟೆ ಆಟಕ್ಕೆಂದು ಗೋಡೆಯ ಹಲಗೆಯಿಂದ ಇಳಿಯುವ ವಸ್ತುವಲ್ಲ.

ಹಮೀದಾಳ ದಾದಾ ಇಮಾಮ್ ಸಾಬ್ ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವವರು. ಮನೆಯ ಮುಂಗೋಣೆಯಲ್ಲೇ ಅವರ ಲೇತ್ ಮೆಷಿನ್. ಆಟಿಕೆಗೆ ಬಳಸುವ ಬಿಳಿ ಆಲೆ ಮರದ ತುಂಡು ಅದರಲ್ಲಿ ಗಿರಗಿರ ತಿರುಗುತ್ತದೆ. ದಾದಾ ಉಳಿ ಹಿಡಿದು ಕೆತ್ತುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು.

ದಾದಾ ಯಾವ ಹೊಸ ಆಟಿಕೆ ಮಾಡಿದರೂ ಅದರಲ್ಲಿ ಮೊದಲನೆಯದನ್ನು ಮಾರುವುದಿಲ್ಲ. ಅದು ಗೋಡೆಯ ಹಲಗೆಯ ಮೇಲೆ ಕೂರುತ್ತದೆ. ಆನೆ, ಗಿಲಕಿ, ಎತ್ತಿನ ಗಾಡಿ, ರೈಲು, ಕೋಟೆ, ಎಲ್ಲದರದ್ದೂ ಒಂದೊಂದು ಅಲ್ಲಿದೆ. ಮನೆಯಲ್ಲಿ ಅವುಗಳಿಗೆ ‘ಮೊದಲನೇವು’ ಎನ್ನುತ್ತಾರೆ. ಮತ್ತೆ ಅದೇ ಆಟಿಕೆಗೆ ಆರ್ಡರ್ ಬಂದಾಗ ದಾದಾ ಮೊದಲನೆಯದನ್ನು ಇಳಿಸುತ್ತಾರೆ. ಸ್ಕೇಲ್ ಇಲ್ಲ, ಟೇಪ್ ಇಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡುತ್ತಾರೆ. ಮತ್ತೆ ಮೆಷಿನ್ ಮೇಲಿನ ಮರವನ್ನು ಹಿಡಿದು ನೋಡುತ್ತಾರೆ. ಒಂದು ಕಣ್ಣಿಗೆ ಪೊರೆ ಬಂದ ಮೇಲಂತೂ ಅವರಿಗೆ ಕಣ್ಣಿಗಿಂತ ಬೆರಳೇ ಮುಖ್ಯವಾಗಿತ್ತು.

ಮೊದಲನೇವನ್ನು ಆಟಕ್ಕೆ ಮುಟ್ಟಬಾರದು. ಇದು ಹಮೀದಾಗೆ ನಡೆಯಲು ಬರುವ ಮುಂಚಿನಿಂದ ಗೊತ್ತಿತ್ತು.

ಕೋಟೆಗೆ ಎಷ್ಟೋ ವರ್ಷದಿಂದ ಆರ್ಡರ್ ಬಂದಿರಲಿಲ್ಲ. ಈಗ ಬಂದಿತ್ತು. ಅವಳ ಅಬ್ಬಾ ಕೆಲಸ ಮಾಡುವ ಮೈಸೂರು ರಸ್ತೆಯ ಆಟಿಕೆ ಅಂಗಡಿಯವರು ಕೇಳಿದ್ದರು. ದಾದಾ ಭಾನುವಾರದಿಂದ ಕೆಲಸ ಶುರು ಮಾಡುವವರಿದ್ದರು. ಟ್ರಿಪ್ ಶನಿವಾರ. ಸಂಜೆ ತಂದು ಮತ್ತೆ ಇಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಮೀದಾ ಲೆಕ್ಕ ಹಾಕಿದಳು. ಕೇಳಿದರೆ ಬೇಡ ಎನ್ನುತ್ತಾರೆ. ಅದಕ್ಕೆ ಕೇಳಲಿಲ್ಲ.

ಟ್ರಿಪ್ಪಿನ ದಿನ ಬೆಳಿಗ್ಗೆ ದಾದಾ ಮಸೀದಿಗೆ ಹೋದಾಗ ಅವಳು ಸ್ಟೂಲ್ ಹತ್ತಿ ಕೋಟೆಯನ್ನು ಇಳಿಸಿದಳು. ಹಲಗೆಯ ಮೇಲೆ ಖಾಲಿ ಜಾಗ ಎದ್ದು ಕಂಡಿತು. ಪಕ್ಕದ ಆನೆಯನ್ನು ಆ ಜಾಗದ ಕಡೆಗೆ ಸ್ವಲ್ಪ ಸರಿಸಿದಳು.

*

ಮಾಗಡಿಯಲ್ಲಿ ಬಸ್ಸು ನಿಂತಾಗ ಬಿಸಿಲು ಏರಿತ್ತು. ಮಿಸ್ ಎಲ್ಲರನ್ನೂ ಜೋಡಿ ಜೋಡಿಯಾಗಿ ನಿಲ್ಲಿಸಿದರು. ಗೋಡೆಯ ಅಂಚಿಗೆ ಹೋಗಬಾರದು, ಕಲ್ಲಿನ ಮೇಲೆ ಹೆಸರು ಕೊರೆಯಬಾರದು, ಒಬ್ಬೊಬ್ಬರೇ ಅಲೆಯಬಾರದು ಎಂದರು.

ಕೋಟೆ ದೊಡ್ಡದಾಗಿತ್ತು. ಹಮೀದಾ ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು. ಗೋಡೆಯನ್ನು ನೋಡಲು ತಲೆ ಎತ್ತಬೇಕಾಯಿತು. ಸುತ್ತ ಕಂದಕವಿತ್ತು. ಅದರಲ್ಲಿ ಅಲ್ಲಲ್ಲಿ ಹಸಿರು ಪಾಚಿಯ ನೀರು, ಉಳಿದ ಕಡೆ ಗಿಡಗಂಟಿ. ಮೂಲೆಯಲ್ಲಿ ಬುರುಜು ಇತ್ತು. ಅದು ಗುಂಡಗಿತ್ತು.

“ನೋಡು, ಗುಂಡಗೈತೆ,” ಎಂದಳು ಹಮೀದಾ, ಗಂಗನಿಗೆ ಕೇಳುವ ಹಾಗೆ.

“ಬುರುಜು ಇನ್ನೇನ್ ಚೌಕಾಗಿರ್ತದಾ?” ಎಂದ ಗಂಗ. “ಒಳಿಕ್ ಬಾ.”

ಬಾಗಿಲು ದಾಟಿ ಒಳಗೆ ಹೋದರು.

ಒಳಗೆ ಬಯಲಿತ್ತು. ಒಂದು ಕಡೆ ಹುಡುಗರು ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಇನ್ನೊಂದು ಕಡೆ ಯಾರೋ ಒಬ್ಬರು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಎರಡು ಆಡು ಹುಲ್ಲು ಮೇಯುತ್ತಿದ್ದವು. ಅಷ್ಟೇ.

ಹಮೀದಾ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆ ಮೂಲೆಯಲ್ಲಿ ಏನಾದರೂ ಇರಬಹುದು ಎಂದು ಆ ಮೂಲೆಗೂ ಹೋದಳು. ಅಲ್ಲಿ ಕಲ್ಲಿನ ರಾಶಿ ಇತ್ತು. ತಿರುಗಿ ಬಂದಾಗ ಗಂಗ ಅಲ್ಲೇ ನಿಂತಿದ್ದ. ಅವನು ನಗುತ್ತಿರಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

“ಮಿಸ್ನ ಕೇಳಾನ,” ಎಂದ.

ಮಿಸ್ ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. ಇದು ಕೆಂಪೇಗೌಡರ ಕಾಲದ ಕೋಟೆ, ಈಗ ಗೋಡೆಯನ್ನು ರಿಪೇರಿ ಮಾಡಿದ್ದಾರೆ, ಒಳಗೆ ಇದ್ದದ್ದೆಲ್ಲ ಹಾಳಾಗಿ ಹೋಗಿದೆ, ಏನಿತ್ತು ಹೇಗಿತ್ತು ಎಂದು ತಾನು ಹೇಳಲಾರೆ ಎಂದರು. ಹೇಳುತ್ತಾ ಹೇಳುತ್ತಾ ಕ್ರಿಕೆಟ್ ಬಾಲಿನ ಹಿಂದೆ ಓಡಿದ ಇಬ್ಬರನ್ನು ಕರೆದು ಬೈದರು.

ಊಟಕ್ಕೆ ಮುಂಚೆ ಎಲ್ಲರೂ ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಹೋದರು. ಅಲ್ಲಿ ಗಾಳಿ ಬೀಸುತ್ತಿತ್ತು. ಊರಿನ ಮನೆಗಳು, ತೆಂಗಿನ ತೋಟ, ದೂರದ ಬಂಡೆಬೆಟ್ಟ ಎಲ್ಲಾ ಕಾಣುತ್ತಿತ್ತು. ನಡೆಯುವ ದಾರಿಗೆ ಚಪ್ಪಟೆ ಕಲ್ಲು ಹಾಸಿದ್ದರು. ಹಮೀದಾ ಅಲ್ಲಿ ಕೂತು ಬ್ಯಾಗ್ ತೆಗೆದಳು. ತಂದಾಗಿತ್ತು. ತೋರಿಸುತ್ತೇನೆ ಎಂದಾಗಿತ್ತು.

ಟವೆಲ್ ಬಿಚ್ಚಿದ ಕೂಡಲೇ ಮಕ್ಕಳು ಸುತ್ತ ಕೂತರು.

ಮರದ ಕೋಟೆ ಬಿಸಿಲಿಗೆ ಹೊಳೆಯುತ್ತಿತ್ತು. ಗೋಡೆ ಹಳದಿ, ಬುರುಜುಗಳು ಕೆಂಪು. ನಡುವೆ ಹಸಿರು ಅರಮನೆ, ಅದಕ್ಕೊಂದು ಚೂಪು ಗೋಪುರ. ಒಂದು ಚೂರೂ ಗೋಂದು ಹಾಕಿರಲಿಲ್ಲ. ಪ್ರತಿಯೊಂದು ತುಂಡಿನ ಕೆಳಗೂ ಒಂದು ಪುಟ್ಟ ಗೂಟ, ಅದಕ್ಕೆ ಸರಿಯಾಗಿ ತಳದಲ್ಲೊಂದು ತೂತು. ಒತ್ತಿದರೆ ಕೂರುತ್ತದೆ, ತಿರುಗಿಸಿ ಎಳೆದರೆ ಬರುತ್ತದೆ.

“ಸೂಪರಾಗೈತೆ ಕಣೆ,” ಎಂದಳು ವಜೀರಾ. “ನಂಗ್ಯಾಕೆ ಹೇಳ್ಲಿಲ್ಲ?”

ಗಂಗ ಬಗ್ಗಿ ಸುತ್ತ ಸುತ್ತಿ ನೋಡಿದ. “ಗೋಡೆ ಗುಂಡಗೈತೆ,” ಎಂದ. “ಇಲ್ನೋಡು, ನಿಜವಾದ್ದಕ್ಕೆ ಮೂಲೆ ಐತೆ. ನಿಮ್ಮ ತಾತಂದು ಅನ್ನದ ಬಟ್ಲಂಗೈತೆ.”

ಮಕ್ಕಳು ನಕ್ಕರು. ಹಮೀದಾಗೆ ಅದು ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಗಂಗ ಅರಮನೆಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ಮೆಲ್ಲಗೆ ಕಿತ್ತ. “ಇದ್ನ ತೆಗುದ್ರೆ ಒಸಿ ಹೋಲ್ತದೆ.”

“ಕೊಡು ಇಲ್ಲಿ.”

ಅವನು ಕೊಡಲಿಲ್ಲ. ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ. ಕೆಳಗೆ ಗೂಟ, ಮೇಲೆ ಗೋಪುರ, ನಡುವೆ ದುಂಡನೆ ಹೊಟ್ಟೆ. ಗೋಪುರದ ತುದಿ ಹಿಡಿದು ಕಲ್ಲಿನ ಮೇಲೆ ಚಟ್ಟನೆ ತಿರುಗಿಸಿ ಬಿಟ್ಟ.

ಅರಮನೆ ತಿರುಗಿತು.

ಬುಗುರಿಗಿಂತ ಚೆನ್ನಾಗಿ ತಿರುಗಿತು. ಸ್ವಲ್ಪ ಹೊತ್ತಿಗೆ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಾಯಿತು. ಹಸಿರು ಬಣ್ಣ ಒಂದೇ ಕಡೆ ಹೊಳೆಯುತ್ತಿತ್ತು. ಅದು ಸುಸ್ತಾಗಿ ವಾಲಿ ಬಿದ್ದಾಗ ಎಲ್ಲರೂ ಒಟ್ಟಿಗೆ ನನಗೆ ನನಗೆ ಎಂದರು.

“ನಮ್ಮನೇದು, ಫಸ್ಟ್ ನಾನು,” ಎಂದಳು ಹಮೀದಾ. ಅವಳಿಗೆ ಈಗ ಬಹಳ ಖುಷಿಯಾಗಿತ್ತು. ಗೋಡೆ ಗುಂಡಗಿದ್ದರೇನು, ಅರಮನೆ ಇಲ್ಲದಿದ್ದರೇನು, ಇಷ್ಟು ಹೊತ್ತು ತಿರುಗುವ ವಸ್ತು ಈ ಕ್ಲಾಸಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಗಂಗನಿಗಿಂತ ಜೋರಾಗಿ ತಿರುಗಿಸಬೇಕು ಎಂದು ಎದ್ದು ನಿಂತು, ಬಗ್ಗಿ, ಎರಡೂ ಅಂಗೈ ನಡುವೆ ಹಿಡಿದು ಉಜ್ಜಿ ಬಿಟ್ಟಳು.

ಅರಮನೆ ಝುಂ ಎಂದು ತಿರುಗುತ್ತಾ ಹೊರಟಿತು. ಕಲ್ಲು ಹೊರಗಡೆಗೆ ಸ್ವಲ್ಪ ಇಳಿಜಾರಾಗಿತ್ತು. ಅದು ತಿರುಗುತ್ತಾ ತಿರುಗುತ್ತಾ ಅಂಚಿನ ಕಡೆಗೆ ಹೋಯಿತು. ಮಳೆನೀರು ಹೋಗಲು ಅಂಚಿನ ಮೋಟುಗೋಡೆಯ ಬುಡದಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಹಿಡಿಯೇ ಎಂದು ವಜೀರಾ ಅಂದಳು. ಹಮೀದಾ ಕೈ ಚಾಚಿದಳು. ಅರಮನೆ ಕಿಂಡಿಯೊಳಗೆ ಹೋಯಿತು.

ಕೆಳಗೆ ಏನೋ ಬಿದ್ದ ಸಣ್ಣ ಸದ್ದು ಕೇಳಿಸಿತು. ನೀರಿನ ಸದ್ದೋ, ಎಲೆಯ ಸದ್ದೋ ಹೇಳಲು ಬರುವಂತಿರಲಿಲ್ಲ.

*

ಎಲ್ಲರೂ ಊಟ ಮಾಡುವಾಗ ಹಮೀದಾ, ಗಂಗ, ವಜೀರಾ ಕಂದಕದ ಹತ್ತಿರ ಹುಡುಕಿದರು. ಮೇಲಿಂದ ಒಂದು ವಸ್ತು ಬಿತ್ತು ಎಂದು ಹೇಳಿದ್ದಕ್ಕೆ ಮಿಸ್ ಮೊದಲು ಬೈದರು. ಆಮೇಲೆ ತಾವೂ ಬಂದು ದಡದ ಮೇಲೆ ನಿಂತರು. ನೀರಿಗೆ ಮಾತ್ರ ಇಳಿಯಬೇಡಿ ಎಂದರು.

ಪಾಚಿ ಹಸಿರು. ಎಲೆ ಹಸಿರು. ಹುಲ್ಲು ಹಸಿರು. ಅರಮನೆಯೂ ಹಸಿರು. ದಾದಾ ಅದಕ್ಕೆ ಕೆಂಪು ಅರಗು ಹಚ್ಚಬಾರದಿತ್ತಾ ಎಂದು ಹಮೀದಾಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಗಂಗ ಪೊದೆಯೊಳಗೆ ತೂರಿ, ಕೈಕಾಲೆಲ್ಲ ಮುಳ್ಳಿನ ಗೀರು ಮಾಡಿಕೊಂಡು ಹೊರಗೆ ಬಂದ. ಒಂದು ಹಳೇ ಟೆನಿಸ್ ಬಾಲ್ ಸಿಕ್ಕಿತ್ತು. ಅದನ್ನು ತೋರಿಸಲೋ ಬೇಡವೋ ಎಂದು ಯೋಚಿಸಿ ಜೇಬಿಗೆ ಹಾಕಿಕೊಂಡ.

ಮಿಸ್ ಸೀಟಿ ಊದಿದರು. ಬಸ್ಸು ಹೊರಡುವ ಹೊತ್ತಾಗಿತ್ತು.

ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನವರು ಅಂತ್ಯಾಕ್ಷರಿ ಆಡುತ್ತಿದ್ದರು. ವಜೀರಾ ನಿದ್ದೆ ಹೋಗಿದ್ದಳು. ಹಮೀದಾ ಬ್ಯಾಗನ್ನು ಈಗಲೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಟವೆಲ್ಲಿನ ಮೇಲಿಂದ ಬೆರಳಾಡಿಸಿದರೆ ನಡುವಿನ ತೂತು ಸಿಗುತ್ತಿತ್ತು. ಮತ್ತೆ ಮತ್ತೆ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಗಂಗ ಮುಂದಿನ ಸೀಟಿನಿಂದ ತಿರುಗಿದ. ಈ ಸಲ ಸಣ್ಣ ದನಿಯಲ್ಲಿ ಮಾತಾಡಿದ.

“ಏಯ್, ಕೇಳಿಲ್ಲಿ. ನಿಮ್ಮ ತಾತ ಕೋಟೆ ನೋಡವ್ರಾ?”

“ಗೊತ್ತಿಲ್ಲ. ನೋಡಿರಲ್ಲ ಅನ್ಸುತ್ತೆ.”

“ಹಂಗಾರೆ ಸುಲಭ ಬುಡು. ನಿಜವಾದ ಕೋಟೆ ಒಳಗೆ ಅರಮನೆನೇ ಇಲ್ಲ, ನಾನು ನೋಡ್ಕಂಡು ಬಂದೆ, ತಪ್ಪಾಗಿತ್ತು, ಅದ್ಕೇ ತೆಗುದ್ಬುಟ್ಟೆ ಅನ್ನು. ಸುಳ್ಳಲ್ವಲ್ಲ.”

ಹಮೀದಾ ಯೋಚಿಸಿದಳು. ಒಳಗೆ ಅರಮನೆ ಇಲ್ಲ, ಅದು ನಿಜ. ತಾನು ನೋಡಿ ಬಂದದ್ದೂ ನಿಜ. ಕೊನೆಯ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನಿಜ. ಆ ಒಂದು ಮಾತು ಬಹಳ ಚಿಕ್ಕದು.

“ಅದೂ ಬ್ಯಾಡ ಅಂದ್ರೆ,” ಎಂದ ಗಂಗ, “ಗಂಗ ಬೀಳಿಸ್ದ ಅನ್ನು. ನಿಮ್ಮ ತಾತ ನಮ್ಮನೆಗೇನ್ ಬರಾಕಿಲ್ಲ.”

ಅವನ ಮೊಣಕೈಯ ಗೀರು ಕೆಂಪಗಿತ್ತು. ಹೊರಗೆ ಬಂಡೆಬೆಟ್ಟಗಳು ಒಂದೊಂದೇ ಹಿಂದಕ್ಕೆ ಹೋಗುತ್ತಿದ್ದವು. ಅವಳು ಗಂಗನ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿದಳು. ಚನ್ನಪಟ್ಟಣ ಬರುವ ಹೊತ್ತಿಗೆ ಅದು ತಡವರಿಸದೆ ಬರುತ್ತಿತ್ತು.

*

ಮನೆಯಲ್ಲಿ ಅಮ್ಮಿ ಶರ್ಫುನ್ನೀಸಾ ಜಗಲಿಯ ಮೇಲೆ ಕೂತು ಮರದ ಮಣಿಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಟ್ರಿಪ್ ಚೆನ್ನಾಗಿತ್ತಾ, ಡಬ್ಬಿ ಖಾಲಿ ಮಾಡಿದೆಯಾ ಎಂದು ಕೇಳಿದಳು. ಡಬ್ಬಿ ಖಾಲಿಯಾಗಿರಲಿಲ್ಲ. ಹಮೀದಾ ಹೂಂ ಎಂದು ಒಳಗೆ ಹೋದಳು.

ಮುಂಗೋಣೆಯಲ್ಲಿ ಮೆಷಿನ್ ನಿಂತಿತ್ತು. ದಾದಾ ಚಾಪೆಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು.

ಹಮೀದಾ ಮೊದಲು ನೋಡಿದ್ದು ಹಲಗೆಯನ್ನು. ಆನೆ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತಿತ್ತು. ಅದರ ಪಕ್ಕದಲ್ಲಿ ಕೋಟೆಯ ಜಾಗ ಹಾಗೇ ಖಾಲಿ ಇತ್ತು.

ಆನೆ ತಾನಾಗಿ ನಡೆಯುವುದಿಲ್ಲ.

ಆ ಮನೆಯಲ್ಲಿ ಎಲ್ಲರೂ ಮಾತಾಡುವುದು ಉರ್ದು. ದಾದಾ ಮಾತ್ರ ಕೆಲಸದ ಮಾತು ಬಂದರೆ ಕನ್ನಡಕ್ಕೆ ತಿರುಗುತ್ತಿದ್ದರು. ಚಿಕ್ಕಂದಿನಲ್ಲಿ ಅವರಿಗೆ ಉಳಿ ಹಿಡಿಯಲು ಕಲಿಸಿದವರು ಕರಿಯಪ್ಪ ಎಂಬ ಹಿರಿಯರು. ಅಂದಿನಿಂದ ಮರ, ಅರಗು, ಅಳತೆ, ತಪ್ಪು, ಸರಿ, ಎಲ್ಲಾ ಅವರಿಗೆ ಕನ್ನಡದಲ್ಲೇ ಬರುತ್ತಿತ್ತು. ದಾದಾ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೆ ಎಂದು ಹಮೀದಾ ಕಾದಳು.

“ಕೋಟೆ ನೋಡ್ದಾ?” ಎಂದರು ದಾದಾ, ಕನ್ನಡದಲ್ಲಿ.

“ನೋಡ್ದೆ.”

“ಹೆಂಗೈತೆ?”

ಗೋಡೆ ಬಹಳ ಎತ್ತರವಿದೆ, ಕಂದಕ ಇದೆ, ಬುರುಜು ಗುಂಡಗಿದೆ ಎಂದಳು. ಗೋಡೆಗೆ ಮಾತ್ರ ಮೂಲೆ ಇದೆ ಎಂದು ಮೆಲ್ಲಗೆ ಸೇರಿಸಿದಳು.

“ಇರುತ್ತೆ. ಮೆಷಿನ್ ಮೇಲೆ ಮೂಲೆ ಬರಲ್ಲ,” ಎಂದರು ದಾದಾ. ಉಳಿಯ ಬಾಯಿಗೆ ಬೆರಳು ತಾಗಿಸಿ ನೋಡಿದರು. “ಒಳಗೆ?”

ಬಸ್ಸಿನಲ್ಲಿ ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

“ಒಳಗೆ ಏನೂ ಇಲ್ಲ ದಾದಾ. ಬರೀ ಬಯಲು. ಅರಮನೆ ಇಲ್ಲ. ನಮ್ದು ತಪ್ಪು.”

“ನಂಗೊತ್ತು,” ಎಂದರು ದಾದಾ.

ಅದಕ್ಕೇ ತೆಗೆದುಬಿಟ್ಟೆ ಎಂಬ ಕೊನೆಯ ಮಾತು ಹಮೀದಾಳ ಬಾಯಲ್ಲೇ ಉಳಿಯಿತು.

ದಾದಾ ಉಳಿ ಕೆಳಗಿಟ್ಟರು. ವಯಸ್ಸಿನಲ್ಲಿದ್ದಾಗ ತಾವು ಆಟಿಕೆಯ ಪೆಟ್ಟಿಗೆ ಹೊತ್ತುಕೊಂಡು ಮಾಗಡಿ ಸಂತೆಗೆ ಹೋಗುತ್ತಿದ್ದುದಾಗಿ ಹೇಳಿದರು. ಮಧ್ಯಾಹ್ನ ಆ ಕೋಟೆಯ ನೆರಳಿನಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರಂತೆ. ಆಗ ಗೋಡೆ ಇಷ್ಟು ಚೆನ್ನಾಗಿರಲಿಲ್ಲ. ಒಳಗೆ ಯಾರೋ ಎಮ್ಮೆ ಕಟ್ಟಿರುತ್ತಿದ್ದರು. ಮನೆಗೆ ಬಂದು ಕಂಡಿದ್ದನ್ನು ಕಂಡ ಹಾಗೆ ಒಂದು ಕೋಟೆ ಮಾಡಿದರು. ಒಳಗೆ ಖಾಲಿ. ಅಂಥವನ್ನೇ ಇನ್ನೊಂದಷ್ಟು ಮಾಡಿ ಮುಂದಿನ ಸಂತೆಯಲ್ಲಿ ಇಟ್ಟುಕೊಂಡು ಕೂತರು. ಮಕ್ಕಳು ಬಂದು ಎತ್ತಿಕೊಳ್ಳುವರು, ಒಳಗೆ ಬಗ್ಗಿ ನೋಡುವರು, ಏನೂ ಇಲ್ಲವಲ್ಲ ಎಂದು ಕೆಳಗಿಟ್ಟು ಹೋಗುವರು.

“ಎಮ್ಮೆ ಮಾಡೋಣ ಅಂದ್ಕೊಂಡೆ,” ಎಂದರು ದಾದಾ. “ಅಷ್ಟು ಸಣ್ಣ ಎಮ್ಮೆಗೆ ಕೊಂಬು ನಿಲ್ಲಲ್ಲ. ಅದಕ್ಕೆ ಅರಮನೆ ಇಟ್ಟೆ.”

ಬೇರೆ ದಿನವಾಗಿದ್ದರೆ ಹಮೀದಾ ನಗುತ್ತಿದ್ದಳು. ದಾದಾ ಕೈ ಚಾಚಿದರು.

“ಕೊಡು.”

ಅವಳು ಟವೆಲ್ ಬಿಚ್ಚಿ ಕೋಟೆಯನ್ನು ಅವರ ಕೈಗೆ ಇಟ್ಟಳು. ದಾದಾರ ಬೆರಳು ಗೋಡೆಯ ಮೇಲೆ ಸುತ್ತ ಹೋಯಿತು. ಬುರುಜುಗಳನ್ನು ಒಂದೊಂದಾಗಿ ಮುಟ್ಟಿತು. ಆಮೇಲೆ ನಡುವಿಗೆ ಬಂತು. ಹೆಬ್ಬೆರಳು ತೂತಿನ ಮೇಲೆ ನಿಂತಿತು.

ಜಗಲಿಯಲ್ಲಿ ಮಣಿಯ ಸದ್ದು ಕೂಡ ನಿಂತಿತ್ತು. ಅಮ್ಮಿ ಬಾಗಿಲಿನಿಂದ ನೋಡುತ್ತಿದ್ದಳು.

ಹಮೀದಾಗೆ ಗಂಗನ ಎರಡನೇ ಮಾತು ನೆನಪಾಯಿತು. ಅವನ ಮೊಣಕೈಯ ಗೀರೂ ನೆನಪಾಯಿತು.

“ನಾನೇ ತಿರುಗಿಸ್ದೆ ದಾದಾ,” ಎಂದಳು. “ಬುಗುರಿ ಥರ. ಗೋಡೆ ಮೇಲೆ. ಕಿಂಡಿಯಿಂದ ಕಂದಕಕ್ಕೆ ಬಿದ್ದೋಯ್ತು. ಹುಡುಕಿದ್ವಿ. ಸಿಗ್ಲಿಲ್ಲ.”

ಹೆಬ್ಬೆರಳು ತೂತಿನ ಮೇಲೆಯೇ ಇತ್ತು. ಬೈದಿದ್ದರೆ ಚೆನ್ನಾಗಿತ್ತು ಎಂದು ಹಮೀದಾಗೆ ಅನ್ನಿಸಿತು.

“ಎಷ್ಟ್ ಹೊತ್ತು ತಿರುಗ್ತು?” ಎಂದರು ಕೊನೆಗೆ.

“ಬಾಳ ಹೊತ್ತು.”

“ಅಲ್ಲಾಡ್ತಾ?”

“ಇಲ್ಲ. ನಿಂತಂಗೇ ಇತ್ತು.”

ದಾದಾ ಹೂಂ ಎಂದರು. ಕೋಟೆಯನ್ನು ಪಕ್ಕಕ್ಕೆ ಇಟ್ಟು, ಮತ್ತೆ ಉಳಿ ಎತ್ತಿಕೊಂಡು ಮಸೆಯತೊಡಗಿದರು. ತಲೆ ಎತ್ತದೆ, ನಾಳೆ ಬೆಳಿಗ್ಗೆ ಆಟಕ್ಕೆ ಹೋಗಬಾರದು ಎಂದರು. ಅರಮನೆಯನ್ನು ಕೊನೆಗೆ ಕೈಯಲ್ಲಿ ಹಿಡಿದವಳು ನೀನು, ನನ್ನ ಬೆರಳಿಗೆ ಅದು ಮರೆತು ವರ್ಷಗಳಾದವು, ಹೊಸದು ಅದರ ಹಾಗೇ ಇದೆಯೋ ಇಲ್ಲವೋ ನೀನೇ ಪಕ್ಕದಲ್ಲಿ ಕೂತು ಹೇಳಬೇಕು ಎಂದರು.

*

ಭಾನುವಾರ ಬೆಳಿಗ್ಗೆ ಮೆಷಿನ್ ಶುರುವಾಯಿತು. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಹಮೀದಾಳ ತಲೆಯ ಮೇಲೆ ಬಿತ್ತು.

ದಾದಾ ಹೊಸದಾಗಿ ಕೆತ್ತಿದ ಮೊದಲ ಅರಮನೆಯನ್ನು ಅವಳ ಕೈಗೆ ಕೊಟ್ಟರು. “ಕಣ್ಣು ಮುಚ್ಚು. ಇದೇನಾ?”

ಕಣ್ಣು ಮುಚ್ಚಬೇಕಾಗಿಯೇ ಇರಲಿಲ್ಲ. ಅದು ತೀರ ತೆಳ್ಳಗಿತ್ತು. ಅಲ್ಲ ಎಂದಳು. ದಾದಾ ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ತುಂಡು ಕೂರಿಸಿದರು.

ಎರಡನೆಯದರ ಗೂಟ ತೂತಿನಲ್ಲಿ ಚೆನ್ನಾಗಿ ಕೂತಿತು. ಹಸಿರು ಅರಗು ಹಚ್ಚಿ, ತಾಳೆಗರಿ ಹಿಡಿದು ಉಜ್ಜಿದ್ದರಿಂದ ಅದು ಹಳೆಯದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹಮೀದಾ ಅದನ್ನು ನೆಲದ ಮೇಲೆ ತಿರುಗಿಸಿ ನೋಡಿದಳು. ಒಂಚೂರೂ ಅಲ್ಲಾಡದೆ ತಿರುಗಿತು.

“ಇದೇನಾ?” ಎಂದರು ದಾದಾ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದಕ್ಕೆ ಬಾಗಿದರು. ಬೆಳಗಿನಿಂದ ಬಗ್ಗಿಯೇ ಕೂತಿದ್ದರು.

ಹೊರಗೆ ಗಂಗನ ಸೀಟಿ ಕೇಳಿಸಿತು. ಅವನು ನಿನ್ನೆಯ ಟೆನಿಸ್ ಬಾಲನ್ನು ಗೋಡೆಗೆ ಹೊಡೆಯುತ್ತಿದ್ದ. ವಜೀರಾ ಕಿಟಕಿಯಿಂದ ಇಣುಕಿ, ಆಯ್ತೇನೇ, ಬಾರೇ, ನಿನ್ನಿಂದ ಟೀಮಿಗೆ ಒಬ್ಬರು ಕಮ್ಮಿ ಎಂದಳು.

ಹಮೀದಾ ಕಣ್ಣು ಮುಚ್ಚಿದಳು. ಹೊಸ ಅರಮನೆಯನ್ನು ಎರಡೂ ಅಂಗೈ ನಡುವೆ ಹಿಡಿದಳು, ನಿನ್ನೆ ಗೋಡೆಯ ಮೇಲೆ ಹಿಡಿದಿದ್ದ ಹಾಗೆಯೇ. ಗೋಪುರ ಸರಿ. ಗೂಟ ಸರಿ. ಹೊಟ್ಟೆ ಮಾತ್ರ ಅಂಗೈಗೆ ಅಷ್ಟು ತುಂಬುತ್ತಿರಲಿಲ್ಲ. ವ್ಯತ್ಯಾಸ ಕೂದಲಿನಷ್ಟು. ಇದೇ ಎಂದರೆ ದಾದಾ ನಂಬುತ್ತಾರೆ. ಇದನ್ನು ಹಲಗೆಯ ಮೇಲೆ ಇಡುತ್ತಾರೆ. ಇವತ್ತಿನಿಂದ ಮುಂದೆ ಮಾಡುವ ಕೋಟೆಗಳಿಗೆಲ್ಲ ಇದೇ ಅಳತೆ.

ಕಿಟಕಿಯಲ್ಲಿ ವಜೀರಾ ಇನ್ನೂ ನಿಂತಿದ್ದಳು.

“ಅಲ್ಲ ದಾದಾ,” ಎಂದಳು ಹಮೀದಾ. “ಇನ್ನೂ ಒಸಿ ದಪ್ಪ ಇತ್ತು.”

ದಾದಾ ಬುಟ್ಟಿಯನ್ನು ಅವಳ ಕಡೆಗೆ ತಳ್ಳಿದರು. ಅವಳೇ ಆ ಅರಮನೆಯನ್ನು ಅದರೊಳಗೆ ಹಾಕಿದಳು. ಮೆಷಿನ್ ಮತ್ತೆ ತಿರುಗತೊಡಗಿತು.